ತೇಲುನಾಡಿನ ರಾತ್ರಿಯೂಟ

ಅನಂತಮತಿಯವರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿದಿರಬೇಕು. ಜೈನರಾದ್ದರಿಂದ ತವರಿನಲ್ಲೂ ಅದೇ ನಡೆ, ಅತ್ತೆಮನೆಯಲ್ಲೂ ಅದೇ. ಕಾಲೇಜಿನಲ್ಲಿ ಒಂದು ಆಯುಷ್ಯವಿಡೀ ಭೌತಶಾಸ್ತ್ರ ಪಾಠ ಹೇಳಿದರೂ, ನಕ್ಷತ್ರಗಳಾಚೆಯ ಕಥೆ ಬರೆದು ಹೆಸರು ಮಾಡಿದರೂ ಆ ವ್ರತ ಮಾತ್ರ ಸಡಿಲವಾಗಿರಲಿಲ್ಲ. "ಬೆಳಕಿನ ವೇಗ ಲೆಕ್ಕ ಹಾಕೋಳಿಗೆ ಬೆಳಕಿರುವಾಗ್ಲೇ ಉಣ್ಣೋದೇನು ಕಷ್ಟ?" ಎಂದು ಗಂಡ ದೇವಕುಮಾರರು ಚುಡಾಯಿಸುತ್ತಿದ್ದರು. ಊಟವಾಗಿ, ದೇವರ ಮುಂದೆ ದೀಪವಿಟ್ಟು ಣಮೋಕಾರ ಮಂತ್ರ ಹೇಳಿಕೊಂಡರೆಂದರೆ ಆಮೇಲಿನ ಹೊತ್ತು ತೇಲುನಾಡಿಗೆ ಮೀಸಲು.

ಹಾಸನದ ಆ ಮಹಡಿಮನೆಯ ಗೋಡೆಯ ಮೇಲೆ ಬಿಂಬ ಕಂಪನಿಯವರ ತೆಳುಪರದೆಯಿತ್ತು. ಆ ಪರದೆ ಇಲ್ಲದ ಮನೆ ಈಗ ಊರಲ್ಲೇ ಇರಲಿಲ್ಲ. ಅದರಲ್ಲಿ ಬರುವ ಧಾರಾವಾಹಿಗಳಲ್ಲೆಲ್ಲ ತೇಲುನಾಡು ದೊಡ್ಡದು. ಭೂಮಿಯಿಂದ ದೂರದ ಕತ್ತಲಲ್ಲಿ ತನ್ನ ಸುತ್ತ ತಾನೇ ತಿರುಗುತ್ತ ಸಾಗುವ ಒಂದು ಉಕ್ಕಿನ ನಗರ. ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾಗುವ ಜನ. ಅವರ ಮುಖಂಡೆ ಕೌಮುದಿ ಎಂಬ ನಡುವಯಸ್ಸಿನ ಹೆಂಗಸು. ಸೂರ್ಯನಿಲ್ಲದ ಊರಾದ್ದರಿಂದ ನಗರದ ನಟ್ಟನಡುವೆ ಉರಿಯುವ ಮಹಾದೀಪವೇ ಅವರಿಗೆ ಹಗಲು. ಅದನ್ನು ತಗ್ಗಿಸಿದರೆ ರಾತ್ರಿ.

ಅನಂತಮತಿಯವರು ವಾರಕ್ಕೊಮ್ಮೆ 'ಪರದೆಯ ಮುಂದೆ' ಎಂಬ ಅಂಕಣ ಬರೆಯುತ್ತಿದ್ದರು. ಬಿಂಬದವರದೇ ಪತ್ರಿಕೆ, ಫೋನಿನಲ್ಲೇ ಬರುವಂಥದ್ದು. ತಮಗೆ ಮೆಚ್ಚಿಕೆಯಾದ ಧಾರಾವಾಹಿಗಳ ಬಗ್ಗೆ ಅಷ್ಟಿಷ್ಟು ಹರಟೆ ಎಂದು ಶುರುವಾದದ್ದು ಬರಬರುತ್ತ ತೇಲುನಾಡಿನ ಧ್ಯಾನವೇ ಆಗಿಬಿಟ್ಟಿತ್ತು. "ಧಾರಾವಾಹಿಗಳಲ್ಲಿ ಜನ ಸಾಯುವುದನ್ನು ನೋಡಿದ್ದೇನೆ, ಸತ್ತವರು ಎದ್ದು ಬರುವುದನ್ನೂ ನೋಡಿದ್ದೇನೆ," ಎಂದು ಒಮ್ಮೆ ಬರೆದಿದ್ದರು. "ಸುತ್ತುವ ನಗರದಲ್ಲಿ ಬಿಂದಿಗೆಯಿಂದ ಬಗ್ಗಿಸಿದ ನೀರು ಕೊಂಚ ಓರೆಯಾಗಿ ಬೀಳಬೇಕೆಂದು ಬಲ್ಲ ಧಾರಾವಾಹಿಯನ್ನು ನೋಡಿದ್ದು ಇದೇ ಮೊದಲು."

ಓರೆಯಾಗಿ ಬೀಳುವ ನೀರಿಗಿಂತ ಹೆಚ್ಚಾಗಿ ಅವರನ್ನು ಗೆದ್ದದ್ದು ಇನ್ನೊಂದು ಸಂಗತಿ. ತೇಲುನಾಡಿನಲ್ಲಿ ಮಹಾದೀಪ ತಗ್ಗಿದ ಮೇಲೆ ಯಾರೂ ತುತ್ತೆತ್ತುತ್ತಿರಲಿಲ್ಲ. ಯುದ್ಧವಿರಲಿ, ಮದುವೆಯಿರಲಿ, ದೀಪವಿರುವಾಗಲೇ ಎಲೆ ಎತ್ತಿ ಆಗಿರುತ್ತಿತ್ತು. ಯಾವ ಪಾತ್ರವೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದು ಸುಮ್ಮನೆ ನಡೆದುಕೊಂಡು ಹೋಗುತ್ತಿತ್ತು, ಕುಲದ ನಡೆ ಹೇಗೆ ನಡೆಯುತ್ತದೋ ಹಾಗೆ. ಅನಂತಮತಿಯವರು ಅದಕ್ಕೊಂದು ವಿಜ್ಞಾನದ ಕಾರಣವನ್ನೂ ಹುಡುಕಿಕೊಟ್ಟಿದ್ದರು. ಮುಚ್ಚಿದ ನಗರದಲ್ಲಿ ದೀಪದ ಬಿಸಿಯ ಜೊತೆಗೇ ಒಲೆಯ ಬಿಸಿಯನ್ನೂ ಹೊರಕ್ಕೆ ಅಟ್ಟಿದರೆ ರಾತ್ರಿ ತಂಪಾಗಿರುತ್ತದೆ ಎಂದು ವಿವರಿಸಿ, ಕೊನೆಗೆ, "ಇದನ್ನು ಬರೆದವರು ಯಾರೋ ನಮ್ಮ ಪೈಕಿಯವರೇ ಇರಬೇಕು. ಹೇಳದೆ ವ್ರತ ಹಿಡಿದವರಿಗೆ ಕೈ ಮುಗಿಯುತ್ತೇನೆ" ಎಂದು ಮುಗಿಸಿದ್ದರು.

ಹಾಗೆ ಕೈಮುಗಿಯುವುದು ಅವರಿಗೆ ಎಳವೆಯಿಂದ ಬಂದದ್ದು. ತಾತ ಬ್ರಹ್ಮಸೂರಯ್ಯನವರು ಬಸದಿಯ ಅಂಗಳದಲ್ಲಿ ಪುರಾಣದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಕಂಬಕ್ಕೊರಗಿ, ತುಟಿ ಎರಡು ಮಾಡದೆ ಕೇಳುತ್ತಿದ್ದ ಹುಡುಗಿ ಅನಂತಮತಿ. ತಾತ ಪದ್ಯದ ನಡುವೆ ಯತಿಯಲ್ಲಿ ನಿಂತರೆ ಇಡೀ ಅಂಗಳ ಉಸಿರು ಹಿಡಿಯುತ್ತಿತ್ತು. ಎಣ್ಣೆ ಗಾಣದವನು ಒಂದು ಕಡೆ ಅಳುತ್ತಿದ್ದ, ಶಾನುಭೋಗರ ಹೆಂಡತಿ ಇನ್ನೊಂದು ಕಡೆ. ಇಬ್ಬರ ದುಃಖ ಬೇರೆ, ಪದ್ಯ ಒಂದೇ. ಒಂದು ಮಾತನ್ನು ನೂರು ಜನ ಒಟ್ಟಿಗೆ ಕೇಳುವುದೇ ದೊಡ್ಡ ಪೂಜೆಯೆಂದು ಆ ಹುಡುಗಿಗೆ ಅನ್ನಿಸಿತ್ತು. ಈಗಲೂ, ರಾತ್ರಿ ಪರದೆಯ ಮುಂದೆ ಕೂತಾಗ, ನಾಡಿನ ಉದ್ದಗಲಕ್ಕೂ ಲಕ್ಷಾಂತರ ಜನ ತನ್ನೊಡನೆ ಅದೇ ಯತಿಯಲ್ಲಿ ಉಸಿರು ಹಿಡಿದಿದ್ದಾರೆ ಎಂಬ ನೆನಪೇ ಅವರಿಗೆ ಮೈಯೆಲ್ಲ ಬೆಚ್ಚಗೆ ಮಾಡುತ್ತಿತ್ತು.

ಕೆಳಮನೆಗೆ ಹೊಸದಾಗಿ ಬಾಡಿಗೆಗೆ ಬಂದವಳು ನಸೀಮಾ. ಬಸ್‌ಸ್ಟ್ಯಾಂಡಿನ ಹಿಂದೆ ಅವಳದೊಂದು ಟೈಲರ್ ಅಂಗಡಿ. ಜೊತೆಗೆ ವಯಸ್ಸಾದ ತಾಯಿ. ಒಂದು ಬೆಳಿಗ್ಗೆ ಹೊಲಿದ ರವಿಕೆ, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಮೇಲೆ ಬಂದಳು.

"ನಮ್ಮ ಮನೇಲಿ ಮಾಡಿದ್ದು ನೀವು ತಿನ್ನಲ್ಲ ಅಂತ ಗೊತ್ತಮ್ಮ, ಅದಕ್ಕೇ ಬಾಳೆಹಣ್ಣು. ಇದನ್ನ ದೇವರೇ ಪ್ಯಾಕ್ ಮಾಡಿ ಕಳಿಸಿರೋದು, ಒಳಗೆ ಯಾರ ಕೈಯೂ ತಾಗಿಲ್ಲ."

"ಬಾಯಿ ಜೋರು ಕಣೇ ನಿಂದು," ಎಂದು ಅನಂತಮತಿ ನಕ್ಕರು. "ಕೂತ್ಕೋ."

"ಈ ಮನೆ ಯಾಕೆ ಹಿಡಿದೆ ಗೊತ್ತಾ ಅಮ್ಮ?"

"ಅಂಗಡಿಗೆ ಹತ್ರ ಅಂತ."

"ಹತ್ರ ಇರೋವು ಎಷ್ಟೋ ನೋಡಿದ್ದೆ. ಹೊರಗೆ ಬಾಡಿಗೆಗಿದೆ ಅಂತ ಬೋರ್ಡು. ನನ್ನ ಹೆಸರು ಕೇಳಿದ್ದೇ ತಡ, ಅಯ್ಯೋ, ನಮ್ಮ ಅಣ್ಣನ ಮಗ ಬರ್ತಾನಂತೆ. ಈ ಹಾಸನದಲ್ಲಿ ಎಷ್ಟು ಜನ ಅಣ್ಣನ ಮಕ್ಕಳಿದಾರೆ ಅಂತೀರಾ!" ನಸೀಮಾ ನಕ್ಕಳು, ಆಮೇಲೆ ನಗು ಇಳಿಸಿದಳು. "ನಿಮ್ಮ ಹೆಸರು ನೋಡಿದೆ ಗೇಟಲ್ಲಿ. ಅಂಕಣ ಬರೆಯೋರು ಇವರೇನಾ ಅಂತ ಕೇಳ್ದೆ. ವಾರವಾರ ಅಮ್ಮಿಗೆ ಓದಿ ಹೇಳ್ತೀನಿ ನಾನು. ಆ ತೇಲುನಾಡಿನೋರ ರಾತ್ರಿ ಊಟದ ಬಗ್ಗೆ ಬರ್ದಿದ್ರಲ್ಲ, ಅದನ್ನ ಅಮ್ಮಿ ಮೂರು ಸಲ ಓದಿಸಿದ್ಲು. ಅದನ್ನ ಬರೆದೋರ ಮನೇಲಿ ನಮಗೆ ಜಾಗ ಇಲ್ಲ ಅನ್ನಲ್ಲ ಅಂತ ಧೈರ್ಯ ಮಾಡಿ ಬೆಲ್ಲು ಒತ್ತಿದೆ."

"ರಾತ್ರಿ ಉಣ್ಣಲ್ಲ ಅಂತ ಬರೆದದ್ದಾ?"

"ಉಣ್ಣಲ್ಲ ಅಂತಾನಾ? ದೀಪ ತಗ್ಗೋದನ್ನೇ ಕಾಯ್ಕೊಂಡು ಕೂತಿರ್ತಾರಲ್ಲಮ್ಮ, ಕೌಮುದಿ ಮತ್ತೆ ಅವಳ ಕಡೆಯೋರು, ಬಾಯೆಲ್ಲ ಒಣಗಿಸ್ಕೊಂಡು! ದೀಪ ತಗ್ಗಿತೋ ಇಲ್ವೋ, ಖರ್ಜೂರ ಬಾಯಿಗಿಟ್ಟು ಒಂದೇ ತಟ್ಟೆಗೆ ಕೈ ಹಾಕ್ತಾರೆ."

"ಅದು ಬೇರೆ ಯಾವುದೋ ಧಾರಾವಾಹಿ ಇರಬೇಕು ಕಣೇ."

ನಸೀಮಾ ಫೋನು ತೆಗೆದು ಮುಂದೆ ಹಿಡಿದಳು. ಅನಂತಮತಿಯವರದೇ ಭಾವಚಿತ್ರ. ಓರೆಯಾಗಿ ಬೀಳುವ ನೀರಿನ ಮಾತು ಅವರು ಬರೆದ ಹಾಗೆಯೇ ಇತ್ತು. ಅದರ ಕೆಳಗೆ: "ದಿನವೆಲ್ಲ ಕಾದ ಬಾಯಿಗೆ ಮೊದಲ ತುತ್ತು ಕೊಡುವ ಕೈ ಯಾರದೆಂದು ಕೇಳದ ಈ ಜನ ನನ್ನ ಜನ."

ಅವರು ಅದನ್ನು ಬರೆದಿರಲಿಲ್ಲ. ಆದರೆ ಬರೆದಿದ್ದರೆ ಹೀಗೆಯೇ ಬರೆಯುತ್ತಿದ್ದರು. 'ಕೇಳದ' ಎಂಬಲ್ಲಿ ಉಸಿರು ನಿಲ್ಲುತ್ತದಲ್ಲ, ಆ ನಿಲುಗಡೆ ತಾತನಿಂದ ಅವರಿಗೆ ಬಂದದ್ದು. ಇಲ್ಲಿಗೆ ಹೇಗೆ ಬಂತು? ಕಳ್ಳ ಮನೆಗೆ ನುಗ್ಗಿ ಪೆಟ್ಟಿಗೆ ಒಡೆಯದೆ, ತಮ್ಮದೇ ಸೀರೆಯುಟ್ಟು, ತಮ್ಮದೇ ಜಾಗದಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಿದ್ದ ಹಾಗಿತ್ತು.

ಅಂದು ಸಂಜೆ ದೀಪ ಹಚ್ಚಿದ ಮೇಲೆ ಅನಂತಮತಿ ಕೆಳಗಿಳಿದು ಹೋದರು. "ಬನ್ನಿ, ಬನ್ನಿ," ಎಂದು ನಸೀಮಾಳ ತಾಯಿ ದಿಂಬು ಸರಿಸಿ ಜಾಗ ಕೊಟ್ಟಳು. ಅವರ ಪರದೆಯಲ್ಲೂ ತೇಲುನಾಡಿನ ಅದೇ ಹಾಡು, ಅದೇ ಕೌಮುದಿ, ಕೆನ್ನೆಯ ಮೇಲೆ ಅದೇ ಗಾಯದ ಗುರುತು. ಮಹಾದೀಪ ನಿಧಾನವಾಗಿ ತಗ್ಗಿತು. ಸಾಲಾಗಿ ಕೂತವರ ನಡುವೆ ದೊಡ್ಡ ತಟ್ಟೆ ಬಂತು. ಕೌಮುದಿ ಖರ್ಜೂರವೊಂದನ್ನು ಎತ್ತಿಕೊಂಡಳು.

ಕೈ ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತು.

ಯಾರೋ ಏನೋ ಮಾತಾಡಿದರು. ಕೌಮುದಿ ಅತ್ತ ತಿರುಗಿ ಉತ್ತರ ಕೊಟ್ಟಳು. ಖರ್ಜೂರ ಕೈಯಲ್ಲೇ ಇತ್ತು. ದೀಪ ಕೊಂಚ ಏರಿತು, ಮತ್ತೆ ತಗ್ಗಿತು. ಇನ್ನೊಬ್ಬರು ಇನ್ನೊಂದು ಮಾತು ತೆಗೆದರು. ಕೈ ತುಟಿಯವರೆಗೆ ಹೋಯಿತು, ಹಿಂದಕ್ಕೆ ಬಂತು.

"ಏನಾಯ್ತು ಇವತ್ತು ಈ ಹೆಂಗಸಿಗೆ?" ಎಂದು ಮುದುಕಿ ಗೊಣಗಿದಳು. "ತಿನ್ನೇ ತಾಯಿ, ನಾವೂ ಕಾಯ್ತಿದೀವಿ."

ಅನಂತಮತಿಗೆ ಏನಾಗಿದೆಯೆಂದು ಅರ್ಥವಾಯಿತು. ಮೇಲಿನ ಮನೆಯಲ್ಲಿ ದಿನವೂ ಕೇಳಿದ ತಮ್ಮ ಕೆಮ್ಮನ್ನೋ, ಉಸಿರನ್ನೋ ಪರದೆ ಇಲ್ಲೂ ಗುರುತು ಹಿಡಿದಿತ್ತು. ಒಂದೇ ಕೋಣೆಯಲ್ಲಿ ಕೂತ ಎರಡು ಮನೆಯವರಲ್ಲಿ ಯಾರ ಮನಸ್ಸನ್ನೂ ನೋಯಿಸಲಾರದೆ ಆ ಕೈ ನಡುವೆ ಸಿಕ್ಕಿಕೊಂಡಿತ್ತು. ಅವರು ಎದ್ದು ಬಾಗಿಲು ದಾಟಿ ಮೆಟ್ಟಿಲ ಮೇಲೆ ಕಾಲಿಟ್ಟಾಗ, ಒಳಗೆ ಮುದುಕಿ "ಹಾಂ, ಈಗ ತಿಂದ್ಲು!" ಎಂದದ್ದು ಕೇಳಿಸಿತು.

ಬಿಂಬ ಕಂಪನಿಯ ಕಟ್ಟಡ ಮೈಸೂರಿನ ಹೊರಗಿದೆ. ಅಲ್ಲಿ ದೊಡ್ಡ ಹುದ್ದೆಯಲ್ಲಿರುವ ಪ್ರಫುಲ್ಲಚಂದ್ರ ಒಂದು ಕಾಲಕ್ಕೆ ಅನಂತಮತಿಯವರ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗ. ಅಂಕಣ ಬರೆಯಿರೆಂದು ಮನೆಗೆ ಬಂದು ಕೇಳಿಕೊಂಡವನೂ ಅವನೇ. ಈಗ ಅವನ ತಲೆಯಲ್ಲಿ ಅರ್ಧ ಕೂದಲಿಲ್ಲ. ಮೇಡಂ ಬಂದರೆಂದು ಓಡಿಬಂದು ಕಾಲಿಗೆ ಬಿದ್ದ.

"ಎದ್ದೇಳಪ್ಪ. ಒಂದು ಕೇಳ್ಬೇಕು, ನಿಜ ಹೇಳು. ತೇಲುನಾಡಿನಲ್ಲಿ ರಾತ್ರಿ ಉಣ್ತಾರೋ ಇಲ್ವೋ?"

ಪ್ರಫುಲ್ಲನ ಮುಖದಲ್ಲಿ ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ಕೆಳಗೆ ಹೋಯಿತು. ಅವರನ್ನು ಒಳಗೆ ಕರೆದುಕೊಂಡು ಹೋದ. ಸಿನಿಮಾ ಮಂದಿರದಷ್ಟು ದೊಡ್ಡ ಕೋಣೆ. ಗೋಡೆಯ ತುಂಬ ಅಂಗೈಯಗಲದ ಪರದೆಗಳು, ಜೇನುಗೂಡಿನ ಹಾಗೆ. ಪ್ರತಿಯೊಂದರಲ್ಲೂ ಕೌಮುದಿ.

"ಇದನ್ನ ನಾವು ಹದಮನೆ ಅಂತೀವಿ ಮೇಡಂ."

ಒಂದರಲ್ಲಿ ಅವಳು ಮುದ್ದೆ ಮುರಿಯುತ್ತಿದ್ದಳು. ಇನ್ನೊಂದರಲ್ಲಿ ಮೀನಿನ ಸಾರು. ಮತ್ತೊಂದರಲ್ಲಿ ಏಕಾದಶಿಯೆಂದು ನೀರು ಮಾತ್ರ. ಒಂದು ಪರದೆಯ ಕೌಮುದಿ ಹುಬ್ಬಳ್ಳಿಯವರ ಹಾಗೆ ಮಾತಾಡುತ್ತ ಗಂಡನನ್ನು ಗದರುತ್ತಿದ್ದಳು. ಅದರ ಪಕ್ಕದಲ್ಲೇ ಗಂಡನಿಗೆ ಹೆದರಿ ಮೂಲೆ ಹಿಡಿದಿದ್ದಳು. ಕೆಳಸಾಲಿನ ಒಂದರಲ್ಲಿ ಅವಳ ಫೋಟೋಕ್ಕೆ ಹಾರ ಹಾಕಿತ್ತು.

"ಅಲ್ಲಿ ಏನಾಯ್ತು?"

"ಆ ಮನೇಲಿ ಅವಳನ್ನ ಯಾರಿಗೂ ಕಂಡ್ರೆ ಆಗ್ತಿರ್ಲಿಲ್ಲ ಮೇಡಂ," ಎಂದ ಪ್ರಫುಲ್ಲ ಸಂಕೋಚದಿಂದ. "ಪರದೆ ಸುಮ್ನೆ ತೋರ್ಸೋದಿಲ್ಲ, ಮನೇನ ಕೇಳಿಸ್ಕೊಳ್ತಾ ಇರತ್ತೆ. ಯಾವಾಗ ತಟ್ಟೆ ಸದ್ದಾಗತ್ತೆ, ಯಾವಾಗ ದೀಪ ಹಚ್ತಾರೆ, ಯಾವ ಮಾತಿಗೆ ನಿಟ್ಟುಸಿರು ಬಿಡ್ತಾರೆ, ಯಾವುದಕ್ಕೆ ಎದ್ದು ಹೋಗ್ತಾರೆ. ಅದರ ಮೇಲೆ ಆ ಮನೆಯ ಹದ ಸಿಗತ್ತೆ. ಹದ ಹಿಡಿದು ಕಥೆ ಆಗಿಂದಾಗ್ಲೇ ಆಗತ್ತೆ."

"ಮೂಲ ಎಲ್ಲಿದೆ? ಬರೆದದ್ದು?"

"ಮೂಲ ಅಂತ ಇಲ್ಲ ಮೇಡಂ. ಹಿಟ್ಟು ಅಂತ ಒಂದಿದೆ. ಮಿಕ್ಕಿದ್ದು ಆಯಾ ಮನೆಯ ಬಾಣಲೇಲೇ ಬೇಯೋದು."

ಅನಂತಮತಿ ಕುರ್ಚಿ ಹುಡುಕಿಕೊಂಡು ಕೂತರು. ಹೇಳದೆ ವ್ರತ ಹಿಡಿದವರಿಗೆ ಕೈ ಮುಗಿಯುತ್ತೇನೆ! ಯಾರಿಗೆ ಮುಗಿದದ್ದು? ಕನ್ನಡಿಗೆ.

"ಸರಿ, ನಿಮ್ಮ ಕಥೆ, ನಿಮ್ಮ ಬಾಣಲೆ. ನನ್ನ ಅಂಕಣವನ್ನ ಯಾಕೆ ಕರೆದೆ ಅದರೊಳಗೆ?"

"ಮೊದಮೊದಲು ನೀವು ಬರೆದ ಹಾಗೇ ಹಾಕ್ತಿದ್ವಿ. ಓದುಗರು ಗಲಾಟೆ ಮಾಡಿದ್ರು. ಈಯಮ್ಮ ಧಾರಾವಾಹಿ ನೋಡದೇನೇ ಬರೀತಾಳೆ, ನಮ್ಮನೇಲಿ ಬಂದದ್ದೇ ಬೇರೆ ಅಂತ. ಅಂಕಣ ನಿಲ್ಸು ಅಂದ್ರು ಮೇಲಿನೋರು. ನಾನೇ ಬೇಡ ಅಂದೆ. ನೀವು ನನ್ನ ಗುರುಗಳು. ಹೇಗಾದ್ರೂ ಉಳಿಸ್ಬೇಕು ಅಂತ ಅದಕ್ಕೂ ಹದ ಹಿಡಿಸಿದೆ." ಅವನ ದನಿಯಲ್ಲಿ ಉಪಕಾರ ಮಾಡಿದವನ ನಮ್ರತೆಯಿತ್ತು. "ಈಗ ನಿಮ್ಮಷ್ಟು ಓದುಗರು ಯಾರಿಗೂ ಇಲ್ಲ ಮೇಡಂ."

"ನನಗೆ ಇಲ್ಲ ಕಣೋ. ಇನ್ಯಾರಿಗೋ ಇದಾರೆ. ನನ್ನ ಫೋನಲ್ಲಿ ನಾನು ಬರೆದದ್ದೇ ಬರ್ತಿತ್ತಲ್ಲ?"

"ನಿಮ್ಮ ಹದ ನೀವೇ ಅಲ್ವಾ?"

ಅನಂತಮತಿ ಗೋಡೆಯ ಕೌಮುದಿಯರ ಕಡೆ ತಿರುಗಿದರು. ಪ್ರಫುಲ್ಲನೇ ಮಾತು ಮುಂದುವರಿಸಿದ. "ತಪ್ಪು ತಿಳೀಬೇಡಿ. ನಿಮ್ಮ ತಾತ ಪದ್ಯ ಓದ್ತಿದ್ದದ್ದನ್ನ ಕ್ಲಾಸಲ್ಲಿ ಹೇಳ್ತಿದ್ರಿ. ಪದ್ಯಕ್ಕೆ ಅರ್ಥ ಹೇಳೋರು ಊರಿಗೆ ತಕ್ಕ ಹಾಗೆ ಹೇಳಲ್ವಾ? ಗಾಣದವನ ಮುಂದೆ ಗಾಣದ ಉಪಮೆ, ನೇಕಾರನ ಮುಂದೆ ಮಗ್ಗದ ಉಪಮೆ. ನಾವು ಮಾಡಿರೋದೂ ಅದೇ ತಾನೇ?"

"ಅರ್ಥ ಊರಿಗೆ ತಕ್ಕ ಹಾಗೆ ಬದಲಾಗಬಹುದಪ್ಪ. ಪದ್ಯ ಬದಲಾಗಲ್ಲ. ಪದ್ಯ ಕದಲದೆ ನಿಂತಿದೆ ಅಂತ ಗೊತ್ತಿರೋದ್ರಿಂದಲೇ ಅರ್ಥ ಹೇಳೋನಿಗೆ ಅಷ್ಟು ಸಲಿಗೆ. ನೀವು ಪದ್ಯವನ್ನೇ ಕರಗಿಸಿ ಕುಡಿಸಿದೀರಲ್ಲೋ."

ಅನಂತಮತಿ ಒಂದೇ ಒಂದು ಕೇಳಿದರು. ಈ ವಾರದ್ದೊಂದು ಅಂಕಣ, ಒಂದಕ್ಷರ ಅಲುಗದೆ, ಎಲ್ಲರಿಗೂ ಒಂದೇ ಆಗಿ ಹೋಗಬೇಕು. ಅದಾದ ಮೇಲೆ ನಿಲ್ಲಿಸಿದರೂ ಚಿಂತೆಯಿಲ್ಲ.

"ಬೀಗ ಹಾಕ್ತೀನಿ ಮೇಡಂ," ಎಂದ ಪ್ರಫುಲ್ಲ. "ನಾನೇ ಕೂತು ಹಾಕ್ತೀನಿ. ನನ್ನ ಮಾತು."

ಬಸ್ಸಿನಲ್ಲಿ ಕೂತೇ ಅವರು ಬರೆಯಲು ಶುರುಮಾಡಿದರು. ಮನೆಗೆ ಬಂದು ಹರಿದು ಮತ್ತೆ ಬರೆದರು. ಅವರು ಬರೆಯುವುದು ಹಾಳೆಯ ಮೇಲೆ, ಪೆನ್ನಿನಲ್ಲಿ. ಅದನ್ನು ಟೈಪು ಮಾಡಿ ಕಳಿಸುವುದು ದೇವಕುಮಾರರ ಕೆಲಸ. ಈ ಸಲ ಬರಹ ಚಿಕ್ಕದಾಗಿತ್ತು.

"ನಮ್ಮ ಮನೆಯ ತೇಲುನಾಡಿನಲ್ಲಿ ರಾತ್ರಿ ಯಾರೂ ಉಣ್ಣುವುದಿಲ್ಲ. ನಮ್ಮ ಕೆಳಮನೆಯ ತೇಲುನಾಡಿನಲ್ಲಿ ಹಗಲು ಯಾರೂ ಉಣ್ಣುವುದಿಲ್ಲ. ನಾವೆಲ್ಲ ಒಂದೇ ಕಥೆ ನೋಡುತ್ತಿದ್ದೇವೆಂದು ನಾನು ನಿಮಗೆ ಇಷ್ಟು ವರ್ಷ ಹೇಳಿದ್ದೇನೆ. ಅದು ಸುಳ್ಳು; ನನಗೆ ಗೊತ್ತಿಲ್ಲದ ಸುಳ್ಳು. ನೀವು ಓದಿದ್ದೂ ನನ್ನ ಮಾತಲ್ಲ. ಇದನ್ನು ಓದಿದ ಕೂಡಲೇ ಪಕ್ಕದ ಮನೆಗೆ ಹೋಗಿ. ನಿಮ್ಮ ಫೋನಿನಲ್ಲಿ ಈ ಅಂಕಣ ಹೇಗೆ ಬಂದಿದೆ ಎಂದು ಕೇಳಿ. ಇಬ್ಬರದೂ ಒಂದೇ ಆಗಿದ್ದರೆ, ನಾನು ಬದುಕಿನಲ್ಲಿ ಮೊದಲ ಸಲ ನಿಮ್ಮೊಡನೆ ಮಾತಾಡಿದೆನೆಂದು ತಿಳಿಯಿರಿ."

ಅಂಕಣ ಬಂದ ಬೆಳಿಗ್ಗೆ ಅವರಿಗೆ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಮೊದಲ ಫೋನು ಪ್ರಫುಲ್ಲನದು. ದನಿಯಲ್ಲಿ ಸಂಭ್ರಮ.

"ನೋಡಿದ್ರಾ ಮೇಡಂ? ಹಾಗ್ ಹಾಗೇ ಬಂದಿದೆ! ಒಂದು ಕೊಂಬು, ಒಂದು ಸೊನ್ನೆ ಬದಲಾಗಿಲ್ಲ. ಮಾತು ಉಳಿಸ್ಕೊಂಡೆ."

"ಎಲ್ಲಿ ನೋಡಿದೆ?"

"ನನ್ನ ಪರದೇಲಿ. ಬೀಗಾನೂ ಹಾಕಿದ್ದೇ ಇದೆ, ಈಗ್ಲೂ ಕಾಣಿಸ್ತಾ ಇದೆ."

"ನಿನ್ನ ಪರದೇಲಿ," ಎಂದರು ಅನಂತಮತಿ.

ಆ ಕಡೆ ಫೋನು ಕಟ್ಟಾಯಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ನಸೀಮಾ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. "ಅಮ್ಮ, ನಮ್ಮ ಅಮ್ಮಿ ಬಗ್ಗೆ ಬರ್ದಿದೀರಲ್ಲ! ಕೆಳಮನೆಯ ತಾಯಿ ದಿಂಬು ಸರಿಸಿ ಜಾಗ ಕೊಟ್ಟಳು, ಆ ಜಾಗ ತೇಲುನಾಡಿಗಿಂತ ದೊಡ್ಡದು ಅಂತ. ಅವಳು ಎದ್ದು ಕೂತು ಅಳ್ತಿದಾಳೆ."

ದಿಂಬು ಸರಿಸಿದ್ದನ್ನೂ ಪರದೆ ಕೇಳಿಸಿಕೊಂಡಿತ್ತು. ಅನಂತಮತಿ ಅವಳನ್ನು ಒಳಗೆ ಕರೆದು ಕೂರಿಸಿ, ಮೇಜಿನ ಮೇಲಿದ್ದ ಹಾಳೆ ಎತ್ತಿಕೊಂಡು ತಾವು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ತಾತನ ಹಾಗೆ ನಿಧಾನವಾಗಿ, ನಿಲ್ಲಬೇಕಾದಲ್ಲಿ ನಿಂತು. ಹದಮನೆಯಲ್ಲಿ ಕಂಡದ್ದನ್ನೂ ಹೇಳಿದರು.

"ಹಂಗಾದ್ರೆ," ಎಂದಳು ನಸೀಮಾ, "ಮೊದಲ ತುತ್ತು ಕೊಡೋ ಕೈ ಯಾರದು ಅಂತ ಕೇಳದ ಜನ ನನ್ನ ಜನ ಅಂತ ಇತ್ತಲ್ಲ, ಅದು ನಿಮ್ಮ ಮಾತಲ್ಲ."

"ಅಲ್ಲ ಕಣಮ್ಮ."

"ಮತ್ಯಾರದು?"

"ಯಾರದೂ ಅಲ್ಲ."

ನಸೀಮಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಈಗ ಓದಿದ್ರಲ್ಲ ಅಮ್ಮ, ಅದು ಚೆನ್ನಾಗೇ ಇದೆ. ನಿಜಾನೂ ಹೌದು. ಆದ್ರೆ ಅದನ್ನ ನಂಬ್ಕೊಂಡು ಈ ಮನೆಗೆ ಬಂದೋಳಲ್ಲ ನಾನು. ದಿನಾ ಮೆಟ್ಟಿಲು ಹತ್ತುವಾಗ, ಇವರು ನನ್ನ ಜನ ಅಂದೋರು ಅಂದ್ಕೊಂಡು ಹತ್ತುತಿದ್ದೆ."

ನೀನು ನನ್ನ ಜನವೇ ಎಂದು ಹೇಳಲು ಅನಂತಮತಿ ಬಾಯಿ ತೆರೆದರು. ಈಗ ಹೇಳಿದರೆ ಅದು ಯಾರ ಮಾತಾಗುತ್ತದೆ? ತನಗಿಂತ ಮೊದಲೇ ಯಾವುದೋ ಯಂತ್ರ ತನ್ನ ದನಿಯಲ್ಲಿ, ತನಗಿಂತ ಚೆನ್ನಾಗಿ ಹೇಳಿ ಮುಗಿಸಿದ ಮಾತು ಅದು. ಎಂಜಲಾದದ್ದನ್ನು ಬಡಿಸುವುದು ಹೇಗೆ? ಅವರು ಸುಮ್ಮನಿದ್ದದ್ದನ್ನು ನಸೀಮಾ ತನಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡಳು.

"ಬರ್ತೀನಿ ಮೇಡಂ," ಎಂದಳು. ಅಮ್ಮ ಎನ್ನಲಿಲ್ಲ.

ದೇವಕುಮಾರರು ಹಿತ್ತಲ ಬಾಗಿಲ ಬಳಿ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಅವರೆಯ ಕಾಲ, ಮನೆಯೆಲ್ಲ ಅದರ ಸೊಗಡು. ಅನಂತಮತಿ ಬಂದು ಎದುರಿಗೆ ಮಣೆ ಹಾಕಿಕೊಂಡು ಕೂತರು. ತಾವೂ ಎರಡು ಕಾಳು ಹಿತುಕಿದರು. ಆಗ ಅವರಿಗೆ ಒಂದು ಯೋಚನೆ ಬಂತು. ಅದು ಇಷ್ಟು ತಡವಾಗಿ ಬಂತಲ್ಲ ಎಂಬುದೇ ಆಶ್ಚರ್ಯ.

"ರೀ, ನಾನು ಬರೆದದ್ದನ್ನ ಟೈಪ್ ಮಾಡಿ ಕಳ್ಸೋರು ನೀವು."

"ಹೂಂ."

"ನಿಮ್ಮ ಫೋನಿಗೂ ಅಂಕಣ ಬರತ್ತೆ."

ಅವರ ಬೆರಳು ನಿಲ್ಲಲಿಲ್ಲ. "ಬರತ್ತೆ."

"ಓದ್ತೀರಾ?"

"ಒಂದು ವಾರಾನೂ ತಪ್ಪಿಸಿಲ್ಲ."

"ಹಾಗಾದ್ರೆ ನಿಮಗೆ ಗೊತ್ತಿತ್ತು."

ಹಿತುಕಿದ ಕಾಳೊಂದು ಬಟ್ಟಲಿನಿಂದಾಚೆ ಹಾರಿತು. ದೇವಕುಮಾರರು ಅದನ್ನು ಹುಡುಕಿ ಎತ್ತಿಕೊಂಡರು, ಪಂಚೆಗೆ ಒರೆಸಿದರು. "ಮೊದಲನೇ ಸಲ ನಾನೇ ಏನೋ ತಪ್ಪು ಟೈಪ್ ಮಾಡಿದೀನಿ ಅಂದ್ಕೊಂಡೆ. ಎರಡನೇ ಸಲ ತಿಳೀತು."

"ಹೇಳ್ಬಾರ್ದಿತ್ತಾ ಒಂದು ಮಾತು?"

"ಹೇಳ್ಬೇಕು ಅಂತಾನೇ ಎದ್ದು ಬಂದೆ. ನೀನು ಓದುಗರು ಬರೆದದ್ದನ್ನ ಓದ್ಕೊಂಡು ಕೂತಿದ್ದೆ. ನಿನ್ನ ಮುಖ ನೋಡಿ ವಾಪಸ್ ಹೋದೆ."

"ಅವತ್ತು ಸರಿ. ಅದರ ಮುಂದಿನ ವಾರ? ಅದರಾಚೆ ವಾರ? ಇಷ್ಟು ವರ್ಷ ಯಾರೂ ಓದದೇ ಇದ್ದದ್ದನ್ನ ಬರೀತಾ ಕೂತಿದ್ದೆನಲ್ಲ ನಾನು! ಪಕ್ಕದಲ್ಲೇ ಕೂತು ನೋಡ್ತಿದ್ರಾ?"

"ನಾನು ಓದ್ತಿದ್ದೆನಲ್ಲ," ಎಂದರು ಅವರು ಮೆಲ್ಲಗೆ. "ಟೈಪ್ ಮಾಡುವಾಗ."

"ಮಾತು ತೇಲಿಸ್ಬೇಡಿ. ಯಾಕೆ ಹೇಳ್ಲಿಲ್ಲ?"

ದೇವಕುಮಾರರು ಬಟ್ಟಲು ಕೆಳಗಿಟ್ಟರು. ಕೈಗೆ ಅಂಟಿದ ಸಿಪ್ಪೆಗಳನ್ನು ಒಂದೊಂದಾಗಿ ಬಿಡಿಸಿದರು. "ಹೇಳಿದ್ರೆ ನಿಂತುಹೋಗ್ತಿತ್ತು. ನನ್ನ ಫೋನಿಗೆ ಬರೋದು."

"ನಿಂತ್ರೆ?"

"ಅದರಲ್ಲಿ ನಾನಿರ್ತಿದ್ದೆ ಮತಿ."

ಅನಂತಮತಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ, ಬರೆದ ಅಂಕಣಗಳೆಲ್ಲ ಕಣ್ಣ ಮುಂದೆ ಒಂದೊಂದಾಗಿ ಹಾದುಹೋದವು. ತಾತ ಇದ್ದರು. ಗಾಣದವನಿದ್ದ. ಕಾಲೇಜಿನ ಹುಡುಗರಿದ್ದರು, ಒಮ್ಮೆ ಹಿತ್ತಲಿನ ಕರಿಬೇವಿನ ಗಿಡವೂ ಬಂದಿತ್ತು. ದಿನವೂ ಪಕ್ಕದ ಕುರ್ಚಿಯಲ್ಲಿ ಕೂತು ತೇಲುನಾಡು ನೋಡಿದ ಈ ಮನುಷ್ಯ ಎಲ್ಲಿಯೂ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ನೆನಪೇ ಆಗಿರಲಿಲ್ಲ.

"ಸುಳ್ಳು ಅಂತ ಗೊತ್ತಿದ್ದೂ ಓದಿದ್ರಾ?"

"ಸುಳ್ಳು ಅಂತ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರತ್ತೆ? ನಿಜವಾದದ್ದನ್ನ ನನ್ನ ಕೈಯಾರೆ ಟೈಪ್ ಮಾಡಿ ಕಳ್ಸಿರ್ತಿದ್ದೆ."

"ಇವತ್ತಿಂದು ಓದಿ ನೋಡೋಣ."

"ಬೇಡ ಬಿಡು."

"ಓದಿ."

ಅವರು ಕನ್ನಡಕ ಹಾಕಿಕೊಂಡರು. ದನಿಯಲ್ಲಿ ರಾಗವಿಲ್ಲದ ಮನುಷ್ಯ. ಬಸದಿಯಲ್ಲೂ ಹಿಂದೆ ನಿಂತು ತುಟಿ ಆಡಿಸುವವರು. ಆದರೂ ಓದಿದರು. "ನನ್ನ ಪಕ್ಕದ ಕುರ್ಚಿಯಲ್ಲಿ ಕೂತವರು ಕಥೆ ನೋಡುವುದಕ್ಕಿಂತ ನನ್ನನ್ನು ನೋಡುವುದೇ ಹೆಚ್ಚು. ನಾನು ನಕ್ಕರೆ ಅವರಿಗೆ ದೃಶ್ಯ ಅರ್ಥವಾಗುತ್ತದೆ. ಇಷ್ಟು ವರ್ಷ ನಾನು ಪರದೆಯ ಬಗ್ಗೆ ಬರೆದೆ, ಅವರು ನನ್ನನ್ನು ಓದುತ್ತಿದ್ದರು."

ಅನಂತಮತಿ ಅದರಲ್ಲಿ ತಪ್ಪು ಹುಡುಕಿದರು. ಉತ್ತರಪತ್ರಿಕೆ ತಿದ್ದುವ ಹಾಗೆ ಪದಪದವನ್ನೂ ಎತ್ತಿ ನೋಡಿದರು. ಎಲ್ಲ ಇರಬೇಕಾದಲ್ಲಿಯೇ ಇತ್ತು. ತಮಗೆ ಗೊತ್ತಿಲ್ಲದ ತಮ್ಮ ಮನೆಯ ಸತ್ಯವೂ ಅದರಲ್ಲಿತ್ತು. ಪರದೆ ಕೇಳಿಸಿಕೊಂಡಿತ್ತು, ತಾವು ಕೇಳಿಸಿಕೊಂಡಿರಲಿಲ್ಲ. ಎದೆಯಲ್ಲಿ ಕೆಂಡದಂತೆ ಏನೋ ಹೊತ್ತಿಕೊಂಡಿತು. ಅದನ್ನು ಯಾರ ಮೇಲೆ ಎಸೆಯಬೇಕೆಂದು ತಿಳಿಯಲಿಲ್ಲ.

ಆದರೂ ಒಂದು ಉಳಿದಿತ್ತು. ಲೋಕದಲ್ಲಿ ತಾವು ಬರೆದದ್ದನ್ನೂ, ತಾವು ಬರೆಯದೆ ಬಂದದ್ದನ್ನೂ ವಾರವಾರ ಎದುರುಬದುರು ಇಟ್ಟು ಓದಿದವರು ಇವರೊಬ್ಬರೇ.

"ನಿನ್ನೆ ನಾನು ಬರೆದುಕೊಟ್ಟದ್ದನ್ನ ಟೈಪ್ ಮಾಡಿದ್ರಿ. ಇವತ್ತು ಇದನ್ನ ಓದಿದ್ರಿ," ಎಂದರು ಅನಂತಮತಿ. "ಯಾವುದು ಚೆನ್ನಾಗಿತ್ತು?"

ದೇವಕುಮಾರರು ಫೋನನ್ನು ಬೋರಲು ಹಾಕಿ ಪಕ್ಕಕ್ಕಿಟ್ಟರು. ಕನ್ನಡಕ ತೆಗೆದು, ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದರು.

"ನಿಂದೇ ಚೆನ್ನಾಗಿತ್ತು," ಎಂದರು. ಪ್ರತಿವಾರ ಹಾಳೆ ವಾಪಸು ಕೊಡುವಾಗ ಹೇಳುತ್ತಿದ್ದರಲ್ಲ, ಅದೇ ಮಾತು, ಅದೇ ದನಿ.